ಮುಗ್ಧತೆಯ ನಷ್ಟ: ಸಾಹಿತ್ಯ ಕೃತಿಯಲ್ಲಿ ಅದರ ಸಂಕೇತವನ್ನು ಹುಡುಕಿ ಓದುವ ಸಮಗ್ರ ಮಾರ್ಗದರ್ಶಿ

ಕಥೆಯೊಂದರಲ್ಲಿ ಮಗು ಮೊದಲ ಬಾರಿಗೆ ಸಾವನ್ನು ಕಂಡರೆ, ಹುಡುಗಿಯೊಬ್ಬಳು ನಂಬಿದವರಿಂದಲೇ ಮೋಸ ಹೋದರೆ, ಯುವಕನೊಬ್ಬ ಯುದ್ಧ ಮುಗಿಸಿ ಮನೆಗೆ ಮರಳಿದರೆ, ವಿಮರ್ಶೆಯ ಟಿಪ್ಪಣಿಯಲ್ಲಿ ‘ಇಲ್ಲಿ ಮುಗ್ಧತೆಯ ನಷ್ಟವನ್ನು ಕಾಣಬಹುದು’ ಎಂಬ ವಾಕ್ಯ ತಾನಾಗಿಯೇ ಬಂದು ಕೂರುತ್ತದೆ. ವಾಕ್ಯದಲ್ಲಿ ತಪ್ಪೇನೂ ಇಲ್ಲ, ಆದರೆ ಅದು ತಿಳಿಸುವುದು ತೀರಾ ಕಡಿಮೆ. ಯಾವ ಬಗೆಯ ಮುಗ್ಧತೆ, ಯಾರ ಕೈಯಿಂದ, ಯಾವ ಗಳಿಗೆಯಲ್ಲಿ, ಯಾವ ವಸ್ತುವಿನ ನೆಪದಲ್ಲಿ ಕಳೆದುಹೋಯಿತು ಎಂಬುದನ್ನು ತೋರಿಸದ ಹೊರತು ಅದನ್ನು ಯಾವ ಕಥೆಯ ಕೆಳಗೆ ಬೇಕಾದರೂ ಅಂಟಿಸಬಹುದು.

ಈ ಆಶಯವನ್ನು ಓದಲು ನಾನು ಅನುಸರಿಸುವ ಕ್ರಮ ಒಂದು ಸಣ್ಣ ಗಮನಿಕೆಯಿಂದ ಹುಟ್ಟಿದ್ದು. ಮುಗ್ಧತೆ ಕಳೆಯಿತೆಂದು ಲೇಖಕರು ಬಾಯಿಬಿಟ್ಟು ಹೇಳುವುದು ಅಪರೂಪ. ಅವರು ಒಂದು ವಸ್ತುವನ್ನು, ಕೆಲವೊಮ್ಮೆ ಬರಿಯ ಒಂದು ಶಬ್ದವನ್ನು, ಮೊದಲು ಒಂದು ಸಂದರ್ಭದಲ್ಲಿ ಮುಂದಿಡುತ್ತಾರೆ. ಪುಟಗಳು ಉರುಳಿದ ಮೇಲೆ ಅದನ್ನೇ ಇನ್ನೊಂದು ಸಂದರ್ಭದಲ್ಲಿ ತಂದು ನಿಲ್ಲಿಸುತ್ತಾರೆ. ವಸ್ತು ಇದ್ದ ಹಾಗೆಯೇ ಇರುತ್ತದೆ, ನೋಡುವ ಕಣ್ಣು ಬದಲಾಗಿರುತ್ತದೆ. ಆ ಎರಡು ನೋಟಗಳ ನಡುವಿನ ಅಂತರದಲ್ಲಿಯೇ ನಷ್ಟದ ಅಳತೆ ಸಿಗುತ್ತದೆ. ಮುಂದೆ ಬರುವ ಹಂತಗಳೆಲ್ಲ ಆ ಅಂತರವನ್ನು ಅಳೆಯಲು ನೆರವಾಗಲೆಂದು ಬರೆದವು.

ಮೊದಲ ಹಂತ: ‘ಮುಗ್ಧತೆ’ ಎಂಬ ಪದವನ್ನು ಬಿಡಿಸಿಕೊಳ್ಳಿ

‘ಮುಗ್ಧ’ ಎನ್ನುವುದನ್ನು ಇಂದು ನಾವು ಹೆಚ್ಚಾಗಿ ಮೆಚ್ಚುಗೆಯ ಮಾತಾಗಿ ಬಳಸುತ್ತೇವೆ. ಅದರ ಬೇರಿರುವುದು ಸಂಸ್ಕೃತದ ‘ಮುಹ್’ ಧಾತುವಿನಲ್ಲಿ. ದಿಕ್ಕು ತೋಚದಿರುವುದು, ಬುದ್ಧಿಗೆ ಮಂಕು ಕವಿಯುವುದು ಎಂಬುದು ಆ ಧಾತುವಿನ ಅರ್ಥ. ‘ಮೋಹ’ ಬಂದದ್ದೂ ‘ಮೂಢ’ ಬಂದದ್ದೂ ಅಲ್ಲಿಂದಲೇ. ಅಲಂಕಾರಶಾಸ್ತ್ರ ನಾಯಿಕೆಯರನ್ನು ಮುಗ್ಧೆ, ಮಧ್ಯೆ, ಪ್ರಗಲ್ಭೆ ಎಂದು ವಿಂಗಡಿಸುವಾಗ ಮುಗ್ಧೆಯೆಂದರೆ ಅನುಭವ ಇನ್ನೂ ಸೋಕದವಳು ಎಂದಷ್ಟೇ ತಾತ್ಪರ್ಯ. ಅವಳು ಒಳ್ಳೆಯವಳೋ ಅಲ್ಲವೋ ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಮುಗ್ಧತೆಯನ್ನು ಒಳ್ಳೆಯತನದೊಡನೆ ಒಂದು ಮಾಡಿಕೊಂಡು ಓದಲು ಕುಳಿತರೆ ಅದು ಕಳೆದಾಗಲೆಲ್ಲ ಕೇಡೇ ಆಯಿತೆಂದು ತೀರ್ಮಾನಿಸಿಬಿಡುತ್ತೇವೆ. ಎಷ್ಟೋ ಕೃತಿಗಳಲ್ಲಿ ಅದು ಕವಿದ ಮಂಕು ಹರಿಯುವ ಗಳಿಗೆಯೂ ಆಗಿರುತ್ತದೆ.

ಆದ್ದರಿಂದ ಕೃತಿಯನ್ನು ಮುಂದಿಟ್ಟುಕೊಂಡು ಮೊದಲು ಕೇಳಬೇಕಾದದ್ದು, ಇಲ್ಲಿ ಇದ್ದು ಇಲ್ಲವಾದದ್ದು ಯಾವುದು ಎಂದು. ಅದು ತಿಳಿಯದಿರುವಿಕೆಯೆ, ಅಥವಾ ಹಿರಿಯರ ಮೇಲೆ, ನ್ಯಾಯದ ಮೇಲೆ, ದೇವರ ಮೇಲೆ ಇಟ್ಟಿದ್ದ ನಂಬಿಕೆಯೆ? ದೇಹದ ಅರಿವಿಲ್ಲದೆ ಬದುಕುವ ನಿರಾಳತೆಯೆ? ಅಥವಾ ತಾನು ಯಾರಿಗೂ ಕೇಡು ಮಾಡಿಲ್ಲ ಎಂದು ಹೇಳಿಕೊಳ್ಳುವ ಹಕ್ಕೆ? ಈ ಕೊನೆಯ ಬಗೆ ಎಲ್ಲಕ್ಕಿಂತ ಗಂಭೀರವಾದದ್ದು, ಓದುಗರ ಕಣ್ಣಿಗೆ ಎಲ್ಲಕ್ಕಿಂತ ಸುಲಭವಾಗಿ ತಪ್ಪುವುದೂ ಅದೇ. ವಿಲಿಯಂ ಗೋಲ್ಡಿಂಗ್ ಅವರ ‘ಲಾರ್ಡ್ ಆಫ್ ದಿ ಫ್ಲೈಸ್’ ಕಾದಂಬರಿಯ (1954) ಕೊನೆಯಲ್ಲಿ, ನಿರ್ಜನ ದ್ವೀಪದಲ್ಲಿ ಸಿಕ್ಕಿಬಿದ್ದ ಹುಡುಗರ ನಾಯಕನಾಗಿದ್ದ ರಾಲ್ಫ್ ಬಿಕ್ಕಿ ಬಿಕ್ಕಿ ಅಳುತ್ತಾನೆ. ಹುಡುಗರು ಕ್ರೂರಿಗಳಾದದ್ದನ್ನು ಕಂಡು ಅಳುತ್ತಾನೆ ಎಂದು ಬರೆದರೆ ಅರ್ಧ ಮಾತ್ರ ಹೇಳಿದಂತಾಗುತ್ತದೆ. ತಮ್ಮಲ್ಲೊಬ್ಬನಾದ ಸೈಮನ್‌ನನ್ನು ಹುಡುಗರೆಲ್ಲ ಸುತ್ತುವರಿದು ಕೊಂದ ರಾತ್ರಿ ಆ ವೃತ್ತದಲ್ಲಿ ರಾಲ್ಫ್ ಕೂಡ ಇದ್ದ. ಮರುದಿನ ಪಿಗ್ಗಿ ಅದನ್ನು ಆಕಸ್ಮಿಕವೆಂದು ಸಮಾಧಾನ ಹೇಳಹೊರಟಾಗ ಅದು ಕೊಲೆಯೇ ಎಂದು ಹೆಸರಿಟ್ಟು ಕರೆದವನೂ ಅವನೇ. ಕೇಡು ಹೊರಗಿದೆ ಎಂದು ತಿಳಿಯುವುದಕ್ಕೂ ಅದು ತನ್ನ ಕೈಯಲ್ಲಿಯೂ ಇತ್ತೆಂದು ತಿಳಿಯುವುದಕ್ಕೂ ನಡುವೆ ದೊಡ್ಡ ದೂರವಿದೆ. ನೀವು ಓದುತ್ತಿರುವ ಪಾತ್ರ ಆ ದೂರವನ್ನು ದಾಟಿದೆಯೇ ಇಲ್ಲವೇ ಎಂಬುದನ್ನು ನಿಮ್ಮ ಟಿಪ್ಪಣಿಯ ಮೊದಲ ಪುಟದಲ್ಲಿಯೇ ಗುರುತು ಹಾಕಿಕೊಳ್ಳಿ.

ಎರಡನೆಯ ಹಂತ: ಎರಡು ಬಾರಿ ಬರುವ ವಸ್ತುವನ್ನು ಹುಡುಕಿ

ಮೊದಲ ಓದಿನಲ್ಲಿ ಪೆನ್ಸಿಲ್ ಹಿಡಿಯಬೇಡಿ. ಕಥೆ ನಿಮ್ಮನ್ನು ಎಳೆದುಕೊಂಡು ಹೋಗಲಿ. ಎರಡನೆಯ ಓದಿಗೆ ಒಂದು ಹಾಳೆಯನ್ನು ಉದ್ದಕ್ಕೆ ಎರಡಾಗಿ ಮಡಿಸಿ. ಕೈಯಲ್ಲಿ ಹಿಡಿಯಬಹುದಾದ, ತೊಡಬಹುದಾದ, ಮುರಿಯಬಹುದಾದ ಪ್ರತಿಯೊಂದು ವಸ್ತುವನ್ನೂ ಎಡಬದಿಯಲ್ಲಿ ಪುಟಸಂಖ್ಯೆಯೊಡನೆ ಬರೆಯಿರಿ. ಅದೇ ವಸ್ತು ಮತ್ತೆ ಬಂದಾಗ ಬಲಬದಿಯಲ್ಲಿ, ಅದೇ ಸಾಲಿನಲ್ಲಿ, ಆ ಪುಟವನ್ನೂ ಗುರುತಿಸಿ. ಓದು ಮುಗಿಯುವ ಹೊತ್ತಿಗೆ ಬಲಬದಿಯ ಹೆಚ್ಚಿನ ಸಾಲುಗಳು ಖಾಲಿ ಉಳಿದಿರುತ್ತವೆ, ಮೂರೋ ನಾಲ್ಕೋ ಮಾತ್ರ ತುಂಬಿರುತ್ತವೆ. ಹುಡುಕುತ್ತಿರುವುದು ಆ ಮೂರು ನಾಲ್ಕರಲ್ಲಿ ಇರುತ್ತದೆ.

ಕ್ಯಾಥರೀನ್ ಮ್ಯಾನ್ಸ್‌ಫೀಲ್ಡ್ ಅವರ ‘ದಿ ಗಾರ್ಡನ್ ಪಾರ್ಟಿ’ (1922) ಕಥೆಯಲ್ಲಿ ಇದನ್ನು ಮಾಡಿ ನೋಡಿ. ಈ ಹಂತವನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಕಥೆಯನ್ನು ನಾನು ಕಂಡಿಲ್ಲ. ಸಿರಿವಂತ ಮನೆಯ ತೋಟದಲ್ಲಿ ಔತಣಕ್ಕೆ ಸಿದ್ಧತೆ ನಡೆದಿರುತ್ತದೆ. ಕೆಳಗಿನ ಬಡಕೇರಿಯ ಗಾಡಿ ಹೊಡೆಯುವ ಯುವಕನೊಬ್ಬ ಕುದುರೆ ಬೆದರಿ ಬಿದ್ದು ಸತ್ತನೆಂಬ ಸುದ್ದಿ ಬರುತ್ತದೆ. ಔತಣವನ್ನು ನಿಲ್ಲಿಸಬೇಕೆಂದು ಮನೆಯ ಮಗಳು ಲಾರಾ ಬೇಡುತ್ತಾಳೆ. ಅಕ್ಕ ಒಪ್ಪುವುದಿಲ್ಲ, ತಾಯಿಗೆ ಅದು ಮಕ್ಕಳ ಮಾತಿನಂತೆ ಕೇಳಿಸುತ್ತದೆ. ತಾಯಿ ವಾದಿಸುತ್ತಾ ಕೂರದೆ ತನ್ನ ಹ್ಯಾಟನ್ನು ತೆಗೆದು ಮಗಳ ತಲೆಯ ಮೇಲಿಡುತ್ತಾಳೆ. ಕಪ್ಪು ಹ್ಯಾಟು, ಚಿನ್ನದ ಬಣ್ಣದ ಹೂಗಳು, ಉದ್ದನೆಯ ಕಪ್ಪು ಮಖಮಲ್ ಪಟ್ಟಿ. ಲಾರಾ ತನ್ನ ಕೋಣೆಗೆ ಹೋಗಿ ಕನ್ನಡಿಯಲ್ಲಿ ಆ ಚೆಲುವಾದ ಹುಡುಗಿಯನ್ನು ನೋಡುತ್ತಾಳೆ. ಸತ್ತವನ ಹೆಂಡತಿ ಮಕ್ಕಳ ಚಿತ್ರ ಪತ್ರಿಕೆಯಲ್ಲಿನ ಫೋಟೋದಂತೆ ಮಸುಕಾಗುತ್ತದೆ. ಔತಣ ಮುಗಿದ ಮೇಲೆ ನೆನಪಿಸಿಕೊಂಡರಾಯಿತು ಎಂದುಕೊಳ್ಳುತ್ತಾಳೆ.

ಇದು ಮೊದಲ ನೋಟ. ಸಂಜೆ ಉಳಿದ ತಿಂಡಿಯನ್ನು ಬುಟ್ಟಿಯಲ್ಲಿ ತುಂಬಿ ಅವಳನ್ನೇ ಸತ್ತವನ ಮನೆಗೆ ಕಳಿಸುತ್ತಾರೆ. ಇಕ್ಕಟ್ಟಾದ ಕತ್ತಲ ಓಣಿಯಲ್ಲಿ ಅವಳ ಉಡುಪು ಹೊಳೆಯುತ್ತದೆ, ತಲೆಯ ಮೇಲೆ ಅದೇ ಹ್ಯಾಟು. ಬೇರೆ ಯಾವುದಾದರೂ ಹ್ಯಾಟು ಆಗಿದ್ದರೆ ಎಂದು ಅವಳಿಗೆ ಆಗ ಅನ್ನಿಸುತ್ತದೆ. ಕೊನೆಗೆ ಹಾಸಿಗೆಯಲ್ಲಿ ನಿದ್ರಿಸುವಂತೆ ಮಲಗಿದ ಆ ಯುವಕನ ಎದುರು ನಿಂತಾಗ ಅವಳು ಕ್ಷಮೆ ಕೇಳುವುದು ತನ್ನ ಹ್ಯಾಟಿಗಾಗಿ. ಮಧ್ಯಾಹ್ನ ಕಣ್ಣಿಗೆ ಪರದೆಯಾಗಿ ಬಂದದ್ದು ಸಂಜೆ ತಪ್ಪೊಪ್ಪಿಗೆಯ ಮಾತಾಗುತ್ತದೆ. ಹ್ಯಾಟು ಸ್ವಲ್ಪವೂ ಬದಲಾಗಿಲ್ಲ. ‘ಹ್ಯಾಟು ಸಿರಿವಂತಿಕೆಯ ಸಂಕೇತ’ ಎಂದು ಬರೆದು ನಿಲ್ಲಿಸಿದರೆ ಈ ಕಥೆಯ ಜೀವ ಕೈತಪ್ಪುತ್ತದೆ. ತಾಯಿ ಅದನ್ನು ಮಗಳ ತಲೆಗೆ ಇಟ್ಟ ಕ್ಷಣ ಮತ್ತು ಮಗಳು ಅದಕ್ಕಾಗಿ ಕ್ಷಮೆ ಬೇಡಿದ ಕ್ಷಣ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಅದು ಸಂಕೇತವಾಗಿ ಕೆಲಸ ಮಾಡುತ್ತದೆ.

ಎರಡು ಬಾರಿ ಬರುವುದು ವಸ್ತುವೇ ಆಗಬೇಕೆಂದಿಲ್ಲ. ಕವಿ ವಿಲಿಯಂ ಬ್ಲೇಕ್ 1789ರಲ್ಲಿ ಮುಗ್ಧತೆಯ ಗೀತೆಗಳನ್ನು ಪ್ರಕಟಿಸಿ, 1794ರಲ್ಲಿ ಅವುಗಳಿಗೆ ಅನುಭವದ ಗೀತೆಗಳನ್ನು ಸೇರಿಸಿದ. ಹೊಗೆಗೂಡು ಗುಡಿಸುವ ಬಾಲಕನ ಮೇಲಿನ ಕವಿತೆ ಎರಡು ಭಾಗಗಳಲ್ಲಿಯೂ ಇದೆ. ಮೊದಲನೆಯದರಲ್ಲಿ ತಂದೆ ಮಗನನ್ನು ಮಾರುವಾಗ ಮಗುವಿಗೆ ನಾಲಗೆಯೇ ಹೊರಳುತ್ತಿರಲಿಲ್ಲ. ಗುಡಿಸುವವನ ಕೂಗಾದ ‘ಸ್ವೀಪ್’ ಎಂಬುದು ಅದರ ಬಾಯಲ್ಲಿ ‘ವೀಪ್’ ಆಗುತ್ತದೆ. ಇಂಗ್ಲಿಷಿನಲ್ಲಿ ಆ ಶಬ್ದಕ್ಕೆ ಅಳು ಎಂಬ ಅರ್ಥವಿದೆ, ಆದರೆ ಮಗುವಿಗೆ ಅದು ಗೊತ್ತಿಲ್ಲ, ಓದುಗನಿಗೆ ಗೊತ್ತು. ಎರಡನೆಯ ಕವಿತೆಯಲ್ಲಿ ಹಿಮದ ನಡುವೆ ಕಪ್ಪು ಚುಕ್ಕೆಯಂತೆ ನಿಂತ ಮಗು ಕೂಗುವುದು ಅದೇ ‘ವೀಪ್’. ಈಗ ಅದು ನೋವಿನ ಸ್ವರ, ತನ್ನನ್ನು ಈ ಸ್ಥಿತಿಗೆ ತಂದವರು ಯಾರೆಂದು ಮಗುವಿಗೂ ಗೊತ್ತು. ಶಬ್ದ ಒಂದೇ, ತಿಳಿವಳಿಕೆ ಎರಡು.

ಮೂರನೆಯ ಹಂತ: ನಷ್ಟದ ನಿಜವಾದ ಗಳಿಗೆಯನ್ನು ಗುರುತಿಸಿ

ಕಥೆಯ ಅತಿ ದೊಡ್ಡ ಘಟನೆಯೇ ಮುಗ್ಧತೆ ಕಳೆಯುವ ಗಳಿಗೆ ಎಂದು ನಾನೂ ಬಹಳ ಕಾಲ ನಂಬಿದ್ದೆ. ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ (1960) ಕುರಿತು ಮೊದಲ ಬಾರಿ ಬರೆದಾಗ ನ್ಯಾಯಾಲಯದ ತೀರ್ಪಿನ ದಿನ ಬಾಲಕ ಜೆಮ್ ಅಳುವುದನ್ನೇ ಕೇಂದ್ರವಾಗಿಟ್ಟುಕೊಂಡಿದ್ದೆ. ನಿರಪರಾಧಿ ಟಾಮ್ ರಾಬಿನ್ಸನ್ ಅಪರಾಧಿಯೆಂದು ಘೋಷಿತನಾದ ದಿನ ಅದು. ಅಲ್ಲಿ ನಷ್ಟವಿದೆ ಎಂಬುದು ನಿಜ. ಮತ್ತೆ ಓದಿದಾಗ ಅದಕ್ಕೂ ಬಹಳ ಹಿಂದಿನ ಒಂದು ಪುಟ ನನ್ನನ್ನು ತಡೆದು ನಿಲ್ಲಿಸಿತು. ಅದೇ ಬೀದಿಯ ಒಂದು ಮನೆಯ ಮರದ ಪೊಟರೆಯಲ್ಲಿ ಯಾರೋ ಮಕ್ಕಳಿಗಾಗಿ ಪುಟ್ಟ ಉಡುಗೊರೆಗಳನ್ನು ಇಡುತ್ತಿರುತ್ತಾರೆ. ಒಂದು ದಿನ ಆ ಪೊಟರೆಗೆ ಸಿಮೆಂಟ್ ಮೆತ್ತಲಾಗಿರುತ್ತದೆ. ಮರಕ್ಕೆ ರೋಗ, ಅದಕ್ಕೇ ಮುಚ್ಚಿದೆ ಎಂದು ಮನೆಯವನು ಹೇಳುತ್ತಾನೆ. ಜೆಮ್ ತಂದೆಯನ್ನು ಕೇಳುತ್ತಾನೆ. ಎಲೆಗಳು ಹಸಿರಾಗಿವೆ, ಮರ ಚೆನ್ನಾಗಿಯೇ ಇದೆಯಲ್ಲ ಎಂದು ತಂದೆ ಉತ್ತರಿಸುತ್ತಾನೆ. ಹುಡುಗ ಕತ್ತಲಾಗುವವರೆಗೂ ಜಗಲಿಯಲ್ಲಿ ಒಬ್ಬನೇ ನಿಂತಿರುತ್ತಾನೆ. ಒಳಗೆ ಬಂದಾಗ ಅವನು ಅತ್ತಿದ್ದ ಗುರುತು ತಂಗಿಗೆ ಕಾಣುತ್ತದೆ. ಹಿರಿಯನೊಬ್ಬ ಸುಮ್ಮನೆ, ಸಲೀಸಾಗಿ, ಸುಳ್ಳು ಹೇಳಿ ಒಂದು ಸ್ನೇಹದ ಬಾಯಿ ಮುಚ್ಚಿಸಬಲ್ಲ ಎಂಬುದು ಅವನಿಗೆ ತಿಳಿದದ್ದು ಆ ಸಂಜೆ. ತೀರ್ಪು ಬಂದಾಗ ಅದೇ ಪಾಠ ಊರಿನಷ್ಟು ದೊಡ್ಡದಾಗಿ ಮರಳಿ ಬರುತ್ತದೆ.

ಆಲಿಸ್ ವಾಕರ್ ಅವರ ‘ದಿ ಫ್ಲವರ್ಸ್’ ಎಂಬ ಪುಟ್ಟ ಕಥೆ (1973) ಇದನ್ನು ಇನ್ನೂ ಬಿಗಿಯಾಗಿ ತೋರಿಸುತ್ತದೆ. ಹತ್ತು ವರ್ಷದ ಹುಡುಗಿ ಕಾಡಿನಲ್ಲಿ ಹೂ ಆಯುತ್ತಾ ಹೋಗಿ, ಸತ್ತು ಬಹುಕಾಲವಾದ ಮನುಷ್ಯನೊಬ್ಬನ ತಲೆಬುರುಡೆಯ ಮೇಲೆ ಕಾಲಿಡುತ್ತಾಳೆ. ಇದೇ ನಷ್ಟದ ಗಳಿಗೆ ಎಂದು ಓದುಗ ಅಂದುಕೊಳ್ಳುತ್ತಾನೆ, ಆದರೆ ಹುಡುಗಿ ಹಾಗೆ ಅಂದುಕೊಳ್ಳುವುದಿಲ್ಲ. ಅವಳು ಕುತೂಹಲದಿಂದ ಸುತ್ತ ನೋಡುತ್ತಾಳೆ, ಅಲ್ಲಿಯೇ ಬೆಳೆದ ಕಾಡುಗುಲಾಬಿಯೊಂದನ್ನು ಕಿತ್ತು ತನ್ನ ಗೊಂಚಲಿಗೆ ಸೇರಿಸಿಕೊಳ್ಳುತ್ತಾಳೆ. ಆ ಮೇಲೆ ಗುಲಾಬಿಯ ಬುಡದ ಸುತ್ತ ಶಿಥಿಲವಾದ ಹಗ್ಗದ ಕುಣಿಕೆ ಕಾಣುತ್ತದೆ, ಮೇಲೆ ಮರದ ಕೊಂಬೆಯಲ್ಲಿ ಅದರ ಉಳಿದ ತುಂಡು. ಆಗ ಹೂಗಳನ್ನು ಕೆಳಗಿಡುತ್ತಾಳೆ. ಸಾವು ಅವಳ ಮುಗ್ಧತೆಯನ್ನು ಮುಟ್ಟಲಿಲ್ಲ. ಮನುಷ್ಯನನ್ನು ಮನುಷ್ಯರೇ ನೇಣಿಗೆ ಹಾಕಿದ್ದರೆಂಬ ಅರಿವು ಮುಟ್ಟಿತು. ಬುರುಡೆಗೂ ಹಗ್ಗಕ್ಕೂ ನಡುವೆ ಇರುವುದು ಕೆಲವೇ ಸಾಲು, ಆ ಸಾಲುಗಳನ್ನು ಅವಸರದಲ್ಲಿ ದಾಟಿದವರು ಬೇರೆಯೇ ಕಥೆಯನ್ನು ಓದಿರುತ್ತಾರೆ. ಗಳಿಗೆಯನ್ನು ಗುರುತಿಸಿದ ಮೇಲೆ ಅದರ ಹಿಂದಿನ ಹತ್ತು ವಾಕ್ಯಗಳನ್ನೂ ಮುಂದಿನ ಹತ್ತು ವಾಕ್ಯಗಳನ್ನೂ ಗಟ್ಟಿಯಾಗಿ ಓದಿ. ವಾಕ್ಯಗಳು ಗಿಡ್ಡವಾಗಿವೆಯೇ, ಬಣ್ಣದ ಮಾತುಗಳು ನಿಂತುಹೋದವೇ, ಪಾತ್ರ ಮಾತು ನಿಲ್ಲಿಸಿತೇ ಎಂಬುದನ್ನು ಕಿವಿ ಬೇಗ ಹಿಡಿಯುತ್ತದೆ.

ನಾಲ್ಕನೆಯ ಹಂತ: ಯಾರ ಕಣ್ಣು, ಯಾರ ಮಾತು ಎಂದು ಕೇಳಿ

ನಿರೂಪಕರು ಆ ಕ್ಷಣದಲ್ಲಿರುವ ಮಗುವೋ, ಮಗುವಾಗಿದ್ದಾಗಿನದನ್ನು ನೆನೆಯುತ್ತಿರುವ ಹಿರಿಯರೋ ಎಂಬುದನ್ನು ತಿಳಿಯದೆ ಮುಂದೆ ಹೋಗಬೇಡಿ. ಹಿರಿಯ ನಿರೂಪಕರಿಗೆ ನಷ್ಟ ಆಗಲೇ ಆಗಿಹೋಗಿದೆ. ಅವರ ಪ್ರತಿಯೊಂದು ವಾಕ್ಯದಲ್ಲಿಯೂ ಆಗಿನ ಕಣ್ಣು ಒಂದು, ಈಗಿನ ಬಾಯಿ ಇನ್ನೊಂದು. ಮಗುವೇ ನೇರವಾಗಿ ಹೇಳುತ್ತಿದ್ದರೆ ಪಾತ್ರಕ್ಕೆ ಗೊತ್ತಿಲ್ಲದ್ದು ಓದುಗನಿಗೆ ಗೊತ್ತಾಗುತ್ತಾ ಹೋಗುತ್ತದೆ, ನಷ್ಟದ ನೋವು ಪಾತ್ರಕ್ಕಿಂತ ಮೊದಲೇ ಓದುಗನಿಗೆ ತಟ್ಟುತ್ತದೆ.

ಇದರ ಅತ್ಯಂತ ಹಳೆಯ ಮತ್ತು ನನಗೆ ಅತ್ಯಂತ ಪ್ರಿಯವಾದ ಉದಾಹರಣೆ ಮಹಾಭಾರತದ ವನಪರ್ವದ ಋಷ್ಯಶೃಂಗನ ಪ್ರಸಂಗ. ತಂದೆ ವಿಭಾಂಡಕನನ್ನು ಬಿಟ್ಟು ಬೇರೆ ಮನುಷ್ಯರನ್ನೇ ಕಾಣದೆ ಕಾಡಿನಲ್ಲಿ ಬೆಳೆದ ಆ ತರುಣನ ಬಳಿಗೆ ತಂದೆ ಇಲ್ಲದ ಹೊತ್ತಿನಲ್ಲಿ ವೇಶ್ಯೆಯೊಬ್ಬಳು ಬಂದು ಹೋಗುತ್ತಾಳೆ. ಮರಳಿದ ತಂದೆಗೆ ಅವನು ಎಲ್ಲವನ್ನೂ ವರದಿ ಮಾಡುತ್ತಾನೆ. ಬಂದವನು ಒಬ್ಬ ಬ್ರಹ್ಮಚಾರಿಯಂತೆ. ಅವನ ಬಳಿ ದುಂಡನೆಯ ವಿಚಿತ್ರ ಹಣ್ಣೊಂದಿತ್ತಂತೆ, ಬಲಗೈಯಿಂದ ಹೊಡೆದರೆ ನೆಲಕ್ಕೆ ತಾಗಿ ಮತ್ತೆ ಮತ್ತೆ ಮೇಲಕ್ಕೆ ನೆಗೆಯುತ್ತಿತ್ತಂತೆ. ಅದು ಚೆಂಡು. ಅವನ ಭಾಷೆಯಲ್ಲಿ ಚೆಂಡಿಗೆ ಪದವಿಲ್ಲ, ಹೆಣ್ಣಿಗೂ ಪದವಿಲ್ಲ. ಕಾಡಿನಲ್ಲಿ ಕಲಿತ ಪದಗಳಲ್ಲಿಯೇ ಅವನು ಹೊಸದನ್ನು ಹಿಡಿಯಲು ಹೆಣಗುತ್ತಾನೆ. ಆ ಬ್ರಹ್ಮಚಾರಿಯ ಬಳಿಗೆ ಹೋಗಿ ಅವನಂತೆಯೇ ತಪಸ್ಸು ಮಾಡಬೇಕೆಂಬ ಆಸೆಯನ್ನೂ ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತಾನೆ. ಮುಗ್ಧತೆ ಅವನ ಪದಕೋಶದಲ್ಲಿ ಇನ್ನೂ ಪೂರ್ತಿಯಾಗಿ ಉಳಿದಿದೆ, ಆಸೆಯಲ್ಲಿ ಆಗಲೇ ಬಿರುಕು ಬಿಟ್ಟಿದೆ. ಕೇಳುತ್ತಿರುವ ತಂದೆಗೂ ಓದುತ್ತಿರುವ ನಮಗೂ ಎರಡೂ ಒಟ್ಟಿಗೆ ಕಾಣುತ್ತವೆ, ಹೇಳುತ್ತಿರುವವನಿಗೆ ಮಾತ್ರ ಕಾಣುವುದಿಲ್ಲ. ನೀವು ಓದುವ ಕೃತಿಯಲ್ಲಿಯೂ ಪಾತ್ರ ಯಾವುದನ್ನು ತಪ್ಪು ಹೆಸರಿನಿಂದ ಕರೆಯುತ್ತಿದೆ, ಸರಿಯಾದ ಹೆಸರು ಅದಕ್ಕೆ ಯಾವ ಪುಟದಲ್ಲಿ ಸಿಗುತ್ತದೆ ಎಂದು ಹುಡುಕಿ. ಎರಡನೆಯ ಹಂತದಲ್ಲಿ ವಸ್ತು ಮಾಡುವ ಕೆಲಸವನ್ನು ಇಲ್ಲಿ ಹೆಸರು ಮಾಡುತ್ತದೆ.

ಐದನೆಯ ಹಂತ: ಕಾವಲಿಗೆ ನಿಂತವರನ್ನು ಗಮನಿಸಿ

ಮುಗ್ಧತೆಯನ್ನು ಕಳೆದವರ ಮೇಲೆ ನಮ್ಮ ಗಮನ ಬೇಗ ಹೋಗುತ್ತದೆ, ಕಾಯ್ದವರ ಮೇಲೆ ಹೋಗುವುದಿಲ್ಲ. ವಿಭಾಂಡಕ ಕಾಡನ್ನೇ ಕೋಟೆ ಮಾಡಿಕೊಂಡಿದ್ದ. ಅಶ್ವಘೋಷನ ಬುದ್ಧಚರಿತದಲ್ಲಿ ಶುದ್ಧೋದನ ಮಗನ ಸುತ್ತ ಸುಖವನ್ನೇ ಬೇಲಿಯಾಗಿ ಕಟ್ಟುತ್ತಾನೆ. ಮಗ ವಿಹಾರಕ್ಕೆ ಹೊರಡುವ ದಾರಿಯಿಂದ ಮುದುಕರನ್ನೂ ರೋಗಿಗಳನ್ನೂ ದೂರ ಸರಿಸುತ್ತಾನೆ. ಆದರೂ ಮುಪ್ಪು, ರೋಗ, ಸಾವು ಒಂದೊಂದಾಗಿ ರಥದ ಮುಂದೆ ಬಂದು ನಿಲ್ಲುತ್ತವೆ, ಸಾರಥಿಯ ಬಾಯಿಂದಲೇ ಅವುಗಳ ಹೆಸರು ರಾಜಕುಮಾರನಿಗೆ ತಿಳಿಯುತ್ತದೆ. ಇಲ್ಲಿ ನಷ್ಟಕ್ಕೆ ಅರ್ಧ ಕಾರಣ ಆ ಬೇಲಿಯೇ: ಬೇಲಿ ಇಲ್ಲದೆ ಬೆಳೆದವನಿಗೆ ಮುದುಕನೊಬ್ಬ ಕಂಡರೆ ಲೋಕವೇ ತಲೆಕೆಳಗಾಗುವುದಿಲ್ಲ. ಕಾವಲು ಪ್ರೀತಿಯಿಂದ ಬಂದದ್ದೋ, ಹೆದರಿಕೆಯಿಂದಲೋ, ಸ್ವಾರ್ಥದಿಂದಲೋ ಎಂದು ಪ್ರತಿ ಕೃತಿಯಲ್ಲಿಯೂ ಬೇರೆಯಾಗಿಯೇ ಕೇಳಿಕೊಳ್ಳಬೇಕು. ಲಾರಾಳ ತಾಯಿಯ ಹ್ಯಾಟು ಕೂಡ ಒಂದು ಬೇಲಿಯೇ.

ಆರನೆಯ ಹಂತ: ಸಿದ್ಧ ಸಂಕೇತಗಳನ್ನು ಪರೀಕ್ಷೆಗೆ ಒಡ್ಡಿ

ಬಿಳಿ ಬಣ್ಣ, ಹೂದೋಟ, ವಸಂತ, ಮುರಿದ ಗೊಂಬೆ, ಕಚ್ಚಿದ ಹಣ್ಣು: ಇವು ಕಂಡ ಕೂಡಲೇ ಕೈ ಚಾಚುವ ಅಭ್ಯಾಸ ಒಳ್ಳೆಯದಲ್ಲ. ಬೈಬಲಿನ ಆದಿಕಾಂಡದಲ್ಲಿ ಆದಾಮ ಹವ್ವರ ಕಥೆ ಇದಕ್ಕೆ ಒಳ್ಳೆಯ ಎಚ್ಚರಿಕೆ. ಅವರು ತಿಂದದ್ದು ಸೇಬು ಎಂದು ಎಲ್ಲರ ನೆನಪಿನಲ್ಲಿದೆ, ಆದರೆ ಮೂಲದಲ್ಲಿರುವುದು ಒಳಿತು ಕೆಡುಕುಗಳ ಅರಿವಿನ ಮರದ ಹಣ್ಣು ಎಂದಷ್ಟೇ, ಸೇಬಿನ ಹೆಸರಿಲ್ಲ. ಹೆಸರಿರುವುದು ಅಂಜೂರದ ಎಲೆಗೆ. ಕಣ್ಣು ತೆರೆದ ಕೂಡಲೇ ಅವರು ಮಾಡಿದ ಮೊದಲ ಕೆಲಸ ಎಲೆಗಳನ್ನು ಹೊಲಿದು ಮೈ ಮುಚ್ಚಿಕೊಂಡದ್ದು. ಮೈ ಅದೇ, ಅದಕ್ಕೆ ನಾಚಿಕೆ ಹೊಸದು. ನೆನಪಿನಿಂದ ತಂದ ಸೇಬನ್ನು ಹಿಡಿದುಕೊಂಡವರಿಗೆ ಪಠ್ಯದಲ್ಲಿಯೇ ಇರುವ ಎಲೆ ಕಾಣುವುದಿಲ್ಲ.

ಪರೀಕ್ಷೆ ಹೀಗಿರಲಿ. ನೀವು ಸಂಕೇತವೆಂದು ಹೇಳುವ ವಸ್ತುವನ್ನು ಮನಸ್ಸಿನಲ್ಲಿಯೇ ಕಥೆಯಿಂದ ತೆಗೆದುಹಾಕಿ, ಅದರ ಜಾಗದಲ್ಲಿ ಅದೇ ಬಗೆಯ ಇನ್ನೊಂದನ್ನು ಇಡಿ. ಕಥೆ ಏನೂ ಆಗದಂತೆ ಮುಂದುವರಿದರೆ ಅದು ಅಲಂಕಾರವಷ್ಟೇ. ಗೋಲ್ಡಿಂಗ್ ಅವರ ಕಾದಂಬರಿಯಲ್ಲಿ ಹುಡುಗರು ಸಭೆ ಕರೆಯಲು ಊದುವ ಶಂಖವನ್ನು ತೆಗೆದರೆ ಸಭೆ ಸೇರುವುದೇ ಇಲ್ಲ, ಮಾತಿನ ಸರದಿಯೂ ಇರುವುದಿಲ್ಲ. ಪಿಗ್ಗಿಯ ಮೇಲೆ ಬಂಡೆ ಉರುಳಿದ ಕ್ಷಣದಲ್ಲಿಯೇ ಶಂಖವೂ ಪುಡಿಯಾಗುವುದರಿಂದ ಎರಡು ಸಾವುಗಳು ಒಂದಾಗುತ್ತವೆ. ಅಂಥ ವಸ್ತುವನ್ನು ಬದಲಿಸಲು ಬರುವುದಿಲ್ಲ.

ಏಳನೆಯ ಹಂತ: ಬರೆಯುವುದು

ಈಗ ನಿಮ್ಮ ಬಳಿ ಒಂದು ವಸ್ತು ಅಥವಾ ಶಬ್ದ, ಎರಡು ಪುಟಸಂಖ್ಯೆ, ಒಂದು ಗಳಿಗೆ, ಒಂದು ಕಣ್ಣು ಮತ್ತು ಒಬ್ಬ ಕಾವಲುಗಾರ ಇದ್ದಾರೆ. ಇವನ್ನು ಒಂದೇ ವಾಕ್ಯದಲ್ಲಿ ಕಟ್ಟಲು ಪ್ರಯತ್ನಿಸಿ. ‘ಈ ಕಥೆಯಲ್ಲಿ ಲಾರಾ ತನ್ನ ಮುಗ್ಧತೆಯನ್ನು ಕಳೆದುಕೊಳ್ಳುತ್ತಾಳೆ’ ಎಂಬುದು ಎಲ್ಲರೂ ಬರೆಯುವ ವಾಕ್ಯ. ‘ಸಾವಿನ ಸುದ್ದಿಯನ್ನು ಮರೆಸಲು ತಾಯಿ ತೊಡಿಸಿದ ಹ್ಯಾಟಿಗಾಗಿಯೇ ಸತ್ತವನೆದುರು ಕ್ಷಮೆ ಕೇಳುವ ಲಾರಾ, ತನ್ನ ಸುಖವನ್ನು ಕಾಯುತ್ತಿದ್ದ ಕುರುಡುತನವನ್ನು ಮೊದಲ ಬಾರಿಗೆ ತನ್ನ ತಲೆಯ ಮೇಲೆಯೇ ಕಾಣುತ್ತಾಳೆ’ ಎಂದರೆ ಅದು ಬೇರೆ ಯಾವ ಕಥೆಗೂ ಹೊಂದುವುದಿಲ್ಲ, ಮತ್ತು ಒಪ್ಪದವರು ಅದರೊಡನೆ ವಾದ ಹೂಡಬಹುದು. ಪ್ರಬಂಧಕ್ಕೆ ಅಷ್ಟು ಸಾಕು. ಮೊದಲ ನೋಟಕ್ಕೆ ಒಂದು ಭಾಗ, ಎರಡನೆಯ ನೋಟಕ್ಕೆ ಅದಕ್ಕಿಂತ ದೊಡ್ಡ ಭಾಗ ಕೊಡಿ. ಕಥಾಸಾರಾಂಶಕ್ಕೆ ಮೂರು ನಾಲ್ಕು ವಾಕ್ಯಗಳಿಗಿಂತ ಹೆಚ್ಚು ಬೇಡ.

ನಷ್ಟದ ಜಾಗದಲ್ಲಿ ಏನು ಬಂತು ಎಂಬುದನ್ನು ಹೇಳುವಾಗ ಮಾತ್ರ ಕೈ ಬಿಗಿಯಿರಲಿ. ಪಾತ್ರ ‘ಪ್ರಬುದ್ಧವಾಯಿತು’, ‘ಬದುಕಿನ ಸತ್ಯವನ್ನು ಅರಿಯಿತು’ ಎಂದು ಬರೆಯುವ ಆಸೆ ಬಲವಾಗಿರುತ್ತದೆ, ಪಠ್ಯದಲ್ಲಿ ಆಧಾರವಿಲ್ಲದಿದ್ದರೆ ಬರೆಯಬೇಡಿ. ಲಾರಾ ಓಣಿಯ ತುದಿಗೆ ಬಂದಾಗ ಅವಳ ಅಣ್ಣ ಕಾಯುತ್ತಿರುತ್ತಾನೆ. ಬದುಕು ಎಂದರೆ ಹೀಗಲ್ಲವೇ ಎಂದು ಅವನಿಗೆ ಹೇಳಲು ಅವಳು ತೊಡಗುತ್ತಾಳೆ. ಹೀಗೆ ಎಂದರೆ ಹೇಗೆ ಎಂಬ ಪದ ಅವಳಿಗೆ ಸಿಗುವುದಿಲ್ಲ, ಮಾತು ತಡವರಿಸಿ ನಿಲ್ಲುತ್ತದೆ. ಅಣ್ಣನಿಗೆ ಅರ್ಥವಾಯಿತೆಂದು ಕಥೆ ಹೇಳುತ್ತದೆ, ಆದರೆ ಆ ಪದವನ್ನು ಅದೂ ತುಂಬುವುದಿಲ್ಲ. ನಿಮ್ಮ ಪ್ರಬಂಧದಲ್ಲಿಯೂ ಆ ಜಾಗವನ್ನು ಖಾಲಿಯಾಗಿಯೇ ಬಿಡಿ.